ನಾನೂರು ಸಾಲು ಅಳಿಸಿದವಳು

ಔಲು, 11 ಮಾರ್ಚ್ 2025

ಪಿರ್ಕ್ಕೋ ಹಾಲ್ಮೆ ಎಂಬ ಹೆಸರಿನಲ್ಲಿ ಬರೆಯುತ್ತಿರುವವರಿಗೆ,

ನೀವು ಕಳಿಸಿದ್ದು ಮೇಲ್, ಅದರ ಕೆಳಗಿದ್ದ ವಿಳಾಸಕ್ಕೆ ನಾನು ಉತ್ತರಿಸುತ್ತಿರುವುದು ಕಾಗದದಲ್ಲಿ. ಮುದುಕನ ಚಾಳಿ ಎಂದು ನಮ್ಮ ಗುಂಪಿನವರು ನಗುತ್ತಾರೆ, ನಗಲಿ. ಮೇಲ್‌ನಲ್ಲಿ ಯಾರು ಯಾರ ಹೆಸರನ್ನಾದರೂ ಹಾಕಿಕೊಳ್ಳಬಹುದು. ಕಾಗದ ತಲುಪಬೇಕಾದರೆ ಒಂದು ಮನೆ ಬೇಕು, ಮನೆಗೆ ಬಾಗಿಲು ಬೇಕು, ಬಾಗಿಲ ಮೇಲೆ ಹೆಸರಿರಬೇಕು. ಈ ಕಾಗದ ವಾಪಸು ಬಂದರೆ ನಮ್ಮ ವ್ಯವಹಾರ ಅಲ್ಲಿಗೇ ಮುಗಿಯಿತು.

ನಮ್ಮ ಪೊಲ್ಕು ತಂತ್ರಾಂಶ ಏನು ಮಾಡುತ್ತದೆ ಎಂದು ನಿಮಗೆ ಗೊತ್ತಿರಬಹುದು. ಆದರೂ ಹೇಳುತ್ತೇನೆ, ನೀವು ಕೈ ಹಾಕಿರುವುದು ಎಲ್ಲಿಗೆ ಎಂದು ತಿಳಿದಿರಲಿ. ಜನ ಬರೆದದ್ದನ್ನು, ತಿದ್ದಿದ್ದನ್ನು, ಹೊಡೆದುಹಾಕಿದ್ದನ್ನು ಅದು ಹೆಜ್ಜೆ ಹೆಜ್ಜೆಗೂ ಕಾಪಾಡುತ್ತದೆ. ಯಾವತ್ತು, ಯಾರು, ಏನು ಬದಲಿಸಿದರು ಎಂದು ಹತ್ತು ವರ್ಷದ ಮೇಲೂ ಹೇಳುತ್ತದೆ. ಇಬ್ಬರು ಒಂದೇ ಗಳಿಗೆಯಲ್ಲಿ ಬರೆಯಲು ಬಂದರೆ ಗಲಿಬಿಲಿಯಾಗಬಾರದಲ್ಲ, ಅದಕ್ಕೆ ಮೊದಲು ಬಂದವರ ಪರವಾಗಿ ಒಂದು ಲಾಕ್ ಫೈಲ್ ಹುಟ್ಟುತ್ತದೆ. ಅದು ಇರುವ ತನಕ ಉಳಿದವರು ಕಾಯಬೇಕು. ಇಡೀ ತಂತ್ರಾಂಶದಲ್ಲಿ ನನ್ನ ನಿದ್ದೆ ಕೆಡಿಸುವ ಜಾಗ ಇದೊಂದೇ. ಹದಿನಾರು ವರ್ಷದ ಹಿಂದೆ ನಾನೇ ಬರೆದದ್ದು.

ಅಂಥ ಜಾಗಕ್ಕೆ ನೀವು ಮೊದಲ ಸಲವೇ ಬಂದಿದ್ದೀರಿ. ಹೊಸಬರು ಸಾಮಾನ್ಯವಾಗಿ ಸಹಾಯದ ಪುಟದಲ್ಲಿ ಕಾಗುಣಿತ ತಿದ್ದಿ ಕಳಿಸುತ್ತಾರೆ, ನಾನು ಧನ್ಯವಾದ ಹೇಳುತ್ತೇನೆ, ಅವರು ಖುಷಿಯಾಗಿ ಹೋಗುತ್ತಾರೆ. ನೀವು ನಾನೂರ ಹನ್ನೆರಡು ಸಾಲು ಅಳಿಸಿ ಐವತ್ತೇಳು ಸಾಲು ಸೇರಿಸಿದ್ದೀರಿ. ‘ಲಾಕ್ ಫೈಲ್ ನಿರ್ವಹಣೆಯನ್ನು ಸರಳಗೊಳಿಸಿದ್ದೇನೆ’ ಎಂದು ಒಂದೇ ವಾಕ್ಯದ ವಿವರಣೆ. ಎರಡು ದಿನ ಕೂತು ಓದಿದೆ. ತಪ್ಪು ಸಿಗಲಿಲ್ಲ. ಅದೇ ನನಗೆ ಸಂಶಯ.

ನೀವು ಯಾರು? ಎಲ್ಲಿ ಕೆಲಸ? ಇದನ್ನು ಮಾಡಿ ಎಂದು ಯಾರಾದರೂ ಹೇಳಿಕೊಟ್ಟರೇ? ಉತ್ತರವನ್ನು ಕೈಯಲ್ಲೇ ಬರೆಯಿರಿ.

ತೌನೋ ರೀಕ್ಕಿನೆನ್
ಪೊಲ್ಕುವಿನ ಮೇಲ್ವಿಚಾರಕ


ಕೊಯ್ವುಸಾರಿ, 19 ಮಾರ್ಚ್

ತೌನೋ ರೀಕ್ಕಿನೆನ್ ಅವರಿಗೆ,

ಕಾಗದ ತಲುಪಿತು. ಬಾಗಿಲ ಮೇಲೆ ಹಾಲ್ಮೆ ಎಂದೇ ಇದೆ. ಕೈಬರಹದ ಲಕೋಟೆ ನೋಡಿ ನೆಂಟರಲ್ಲಿ ಯಾರೋ ತೀರಿಕೊಂಡರು ಎಂದುಕೊಂಡೆ.

ನನಗೆ ನಲವತ್ತೊಂಬತ್ತು. ಇಪ್ಪತ್ತೆರಡು ವರ್ಷ ನಮ್ಮೂರಿನ ಕಾಗದದ ಕಾರ್ಖಾನೆಯ ನಿಯಂತ್ರಣ ಕೋಣೆಯಲ್ಲಿದ್ದೆ. ಹಿಂದಿನ ವರ್ಷದ ಶರತ್ಕಾಲದಲ್ಲಿ ಅದನ್ನು ಮುಚ್ಚಿದರು. ಈಗ ಪುರಸಭೆಯವರು ನಡೆಸುವ ಮರುತರಬೇತಿಯಲ್ಲಿ ಕೋಡ್ ಬರೆಯಲು ಕಲಿಯುತ್ತಿದ್ದೇನೆ. ಹನ್ನೆರಡು ಜನ ಒಂದೇ ಕೆಲಸವನ್ನು ಪೊಲ್ಕುವಿನಲ್ಲಿ ಇಟ್ಟುಕೊಂಡು ಬರೆಯುತ್ತೇವೆ. ಒಂದು ದಿನ ನನಗೆ ಬರೆಯಲಾಗಲಿಲ್ಲ. ನಮಗೆ ಕಲಿಸುವ ಯಾನ್ನೆಯನ್ನು ಕರೆದೆ.

‘ಯಾರದೋ ಲಾಕ್ ಫೈಲ್ ಇಲ್ಲೇ ಉಳ್ಕೊಂಡಿದೆ ಯಾನ್ನೆ, ನಂಗೆ ಬರೆಯೋಕೆ ಬಿಡ್ತಿಲ್ಲ.’

‘ಅಳಿಸ್ಬಿಡಿ, ಅಷ್ಟೇ.’

‘ಯಾರದು ಅಂತ ಕೇಳೋದು ಬೇಡ್ವಾ?’

‘ಪೊಲ್ಕು ಬಳಸೋರೆಲ್ಲಾ ಹಿಂಗೇ ಮಾಡೋದು. ಸುಮ್ನೆ ಅಳಿಸಿ ಪಿರ್ಕ್ಕೋ.’

ನನಗೆ ಕೈ ಬರಲಿಲ್ಲ. ಕಾರ್ಖಾನೆಯಲ್ಲಿ ಯಂತ್ರದೊಳಗೆ ಇಳಿದು ರಿಪೇರಿ ಮಾಡುವವರು ಮೊದಲು ಅದರ ಸ್ವಿಚ್ಚಿಗೆ ತಮ್ಮ ತಮ್ಮ ಬೀಗ ಹಾಕುತ್ತಾರೆ. ಐದು ಜನ ಒಳಗಿದ್ದರೆ ಐದು ಬೀಗ, ಒಂದೊಂದರ ಮೇಲೂ ಹೆಸರು, ಕೀಲಿ ಅವರವರ ಜೇಬಿನಲ್ಲಿ. ಇನ್ನೊಬ್ಬರ ಬೀಗ ಮುರಿದವರು ಅವತ್ತೇ ಗೇಟಿನ ಹೊರಗೆ. ಒಮ್ಮೆ ಒಬ್ಬಾತ ಬೀಗ ಮರೆತು ಮನೆಗೆ ಹೋಗಿಬಿಟ್ಟ. ನಲವತ್ತು ಕಿಲೋಮೀಟರ್ ದೂರದಿಂದ, ಸೌನಾದ ಬಿಸಿ ಹಬೆಯಲ್ಲಿ ಕೂತಿದ್ದವನನ್ನು ಎಬ್ಬಿಸಿ ಕರೆಸಿದೆವು. ಒದ್ದೆ ತಲೆಯಲ್ಲೇ ಬಂದು ತೆಗೆದ. ಅಲ್ಲಿಯ ತನಕ ಯಂತ್ರ ನಿಂತೇ ಇತ್ತು, ಯಾರೂ ತುಟಿಪಿಟಕ್ಕೆನ್ನಲಿಲ್ಲ.

ಹಾಗಾಗಿ, ಈ ಲಾಕ್ ಫೈಲುಗಳು ಏಕೆ ಉಳಿದುಹೋಗುತ್ತವೆ ಎಂದು ನಿಮ್ಮ ಕೋಡ್ ಓದಿದೆ. ಕೆಲಸ ಅರ್ಧದಲ್ಲಿ ನಿಂತರೆ ಲಾಕ್ ತೆಗೆಯುವ ಏರ್ಪಾಡು ಆರು ಕಡೆ ಇದೆ, ಆರು ರೀತಿಯಲ್ಲಿದೆ, ಒಂದು ಕಡೆ ಮರೆತೇಹೋಗಿದೆ. ಜೊತೆಗೆ, ಇಟ್ಟ ಪ್ರತಿಯೊಂದು ಲಾಕಿನ ದಾಖಲೆಯನ್ನೂ, ತೆಗೆದ ಮೇಲೂ, ಕೊನೆಯ ತನಕ ಪಟ್ಟಿಯಲ್ಲಿ ಇಟ್ಟುಕೊಂಡೇ ಇರುತ್ತೀರಿ. ನಾನು ಆರನ್ನೂ ಒಂದೇ ಕಡೆ ತಂದೆ, ತೆಗೆದ ಲಾಕನ್ನು ಪಟ್ಟಿಯಿಂದಲೂ ಬಿಟ್ಟೆ. ಯಾರೂ ಹೇಳಿಕೊಟ್ಟಿಲ್ಲ.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಜಿಲ್ಲೆಯ ಭೂಪಟ ಕಚೇರಿಯಲ್ಲಿ ಒಂದು ಹುದ್ದೆಯಿದೆ, ಆಗಸ್ಟಿನಲ್ಲಿ ಸಂದರ್ಶನ. ನಾಲ್ಕು ಜನ ನೋಡುವಂಥ ತಂತ್ರಾಂಶದಲ್ಲಿ ಸ್ವಂತ ಹೆಸರಿನ ಒಂದು ಕೆಲಸ ಒಪ್ಪಿಗೆಯಾಗಿರಬೇಕಂತೆ. ಈ ಊರಲ್ಲಿ ನನ್ನ ವಯಸ್ಸಿಗೆ ಬೇರೆ ಕೆಲಸವಿಲ್ಲ. ನನಗೆ ಈ ತಿದ್ದುಪಡಿ ಬೇಕೇ ಬೇಕು.

ಪಿರ್ಕ್ಕೋ ಹಾಲ್ಮೆ


ಔಲು, 2 ಏಪ್ರಿಲ್

ಪಿರ್ಕ್ಕೋ ಹಾಲ್ಮೆ ಅವರಿಗೆ,

ಕಥೆ ಚೆನ್ನಾಗಿದೆ. ತೀರಾ ಚೆನ್ನಾಗಿದೆ. ಕಾರ್ಖಾನೆಯ ನಂಬರಿಗೆ ಫೋನ್ ಮಾಡಿದೆ, ಗಂಟೆ ಹೊಡೆಯುತ್ತಲೇ ಇತ್ತು. ಮುಚ್ಚಿಹೋದ ಜಾಗವನ್ನು ಸಾಕ್ಷಿಗೆ ಕರೆಯುವುದು ಸುಲಭ.

ನಿಮ್ಮ ಕಾಗದ ಬಂದ ವಾರವೇ ನಮ್ಮ ಗುಂಪಿನ ಮೇಲ್‌ನಲ್ಲಿ ಇಬ್ಬರು ಅಪರಿಚಿತರು ಬರೆದಿದ್ದಾರೆ. ‘ಒಳ್ಳೆಯ ಕೆಲಸ, ಏಕೆ ತಡ?’ ಎಂದು ಒಬ್ಬರು. ‘ಮೇಲ್ವಿಚಾರಕರಿಗೆ ವಯಸ್ಸಾಯಿತೇನೋ’ ಎಂದು ಇನ್ನೊಬ್ಬರು. ಬೇರೊಂದು ತಂತ್ರಾಂಶದಲ್ಲಿ ಹೀಗೇ ಆಗಿತ್ತು. ನಯವಾಗಿ ಮಾತಾಡುವ ಒಬ್ಬ ಹೊಸಬ, ಅವನ ಹಿಂದೆ ತಾಳ ಹಾಕುವ ನಾಲ್ವರು, ನಡುವೆ ಸುಸ್ತಾದ ಒಬ್ಬ ಮುದುಕ. ಕೊನೆಗೆ ಹೊಸಬ ಕಳ್ಳಬಾಗಿಲು ಇಟ್ಟು ಮಾಯವಾದ. ಆ ಮುದುಕ ನಾನಾಗುವುದಿಲ್ಲ.

ಪಟ್ಟಿಯ ವಿಚಾರ. 2009ರಲ್ಲಿ ನಾನೂ ನಿಮ್ಮ ಹಾಗೆಯೇ ತೆಗೆದ ಲಾಕನ್ನು ಪಟ್ಟಿಯಿಂದ ಬಿಡುತ್ತಿದ್ದೆ. ಸರಿಯಾಗಿ ಆ ಗಳಿಗೆಯಲ್ಲೇ ಯಾರೋ ಕೆಲಸ ನಿಲ್ಲಿಸುವ ಗುಂಡಿ ಒತ್ತಿದರು, ಪಟ್ಟಿ ಅರ್ಧಕ್ಕೆ ಹರಿದು ಒಬ್ಬರ ಎರಡು ವಾರದ ಕೆಲಸ ಹೋಯಿತು. ಅವತ್ತಿನಿಂದ ಯಾವುದನ್ನೂ ಬಿಡುವುದಿಲ್ಲ. ನಿಮ್ಮ ಉತ್ತರವೇನು?

ತಿದ್ದುಪಡಿಯನ್ನು ಸಣ್ಣ ಸಣ್ಣ ತುಣುಕು ಮಾಡಿ ಕಳಿಸಿ, ಒಂದೊಂದರಲ್ಲಿ ಒಂದೇ ಕೆಲಸವಿರಲಿ. ಆಮೇಲೆ ಇದನ್ನೂ ಬರೆಯಿರಿ: ಕಾರ್ಖಾನೆಯಲ್ಲಿ ನಿಮ್ಮ ಬೀಗದ ಬಣ್ಣ ಯಾವುದು, ಗುತ್ತಿಗೆಯವರದ್ದು ಯಾವುದು? ನನ್ನ ಭಾವ ಕೆಮಿ ಊರಿನ ಕಡೆ ಇಂಥದ್ದೇ ಕಾರ್ಖಾನೆಯಲ್ಲಿದ್ದವನು. ಅವನಿಗೆ ಓದಿ ಹೇಳುತ್ತೇನೆ.

ತೌನೋ ರೀಕ್ಕಿನೆನ್


ಕೊಯ್ವುಸಾರಿ, 14 ಏಪ್ರಿಲ್

ತೌನೋ ಅವರಿಗೆ,

ನನ್ನ ಬೀಗ ಕೆಂಪು, ಗುತ್ತಿಗೆಯವರದ್ದು ಹಳದಿ, ವಿದ್ಯುತ್ ವಿಭಾಗದವರದ್ದು ನೀಲಿ. ಭಾವನಿಗೆ ನನ್ನದೊಂದು ನಮಸ್ಕಾರವನ್ನೂ ಹೇಳಿ.

ಆ ಇಬ್ಬರು ಅಪರಿಚಿತರು ನನ್ನ ತರಗತಿಯವರು. ನಿಮ್ಮ ಕಾಗದ ಓದಿ ನೇರ ಹೋಗಿ ಕೇಳಿದೆ.

‘ಯಾರ್ ನಿಮ್ಗೆ ಬರೀರಿ ಅಂದಿದ್ದು?’

‘ಪಾಪ, ನಿಂಗೆ ಸಹಾಯ ಆಗ್ಲಿ ಅಂತ.’

‘ಚೆನ್ನಾಗಾಯ್ತು ಸಹಾಯ. ಈಗ ಆ ಮನುಷ್ಯ ನನ್ನನ್ನ ಗೂಢಚಾರಿಣಿ ಅನ್ಕೊಂಡಿದಾನೆ.’

‘ನೀನಾ? ನಮ್ ಕಾಫಿ ಮಷಿನ್ ಆನ್ ಮಾಡೋಕೇ ನಿಂಗೆ ಬರಲ್ಲ.’

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಈಗ ನನ್ನ ಸಂಶಯವನ್ನು ಹೇಳುತ್ತೇನೆ. ಪೊಲ್ಕುವಿನ ಇತಿಹಾಸವೂ ಪೊಲ್ಕುವಿನಲ್ಲೇ ಇದೆಯಲ್ಲ, ತೆರೆದು ನೋಡಿದೆ. ಹದಿನಾರು ವರ್ಷದಲ್ಲಿ ಈ ಲಾಕ್ ಕೋಡ್ ತಿದ್ದಲು ಹನ್ನೊಂದು ಜನ ಬಂದಿದ್ದಾರೆ. ಹನ್ನೊಂದು ಜನಕ್ಕೂ ನೀವು ನನಗೆ ಕೇಳಿದ್ದನ್ನೇ ಕೇಳಿದ್ದೀರಿ, ಹನ್ನೊಂದು ಜನವೂ ಬೇಸತ್ತು ಹೋಗಿದ್ದಾರೆ. ಎಲ್ಲರೂ ಕಳ್ಳರೇ? ಅಥವಾ ನಿಮಗೊಬ್ಬರಿಗೇ ಅರ್ಥವಾಗುವ ಕೋಡ್ ಇದ್ದರೆ ನಿಮ್ಮನ್ನು ಯಾರೂ ಆ ಕುರ್ಚಿಯಿಂದ ಕದಲಿಸಲಾರರು ಎಂಬ ಯೋಚನೆಯೇ?

ಪಟ್ಟಿಗೆ ಉತ್ತರ: ಪಟ್ಟಿಯಿಂದ ಲಾಕನ್ನು ಬಿಡುವ ಆ ಒಂದು ಗಳಿಗೆ ಮಾತ್ರ ‘ನಿಲ್ಲಿಸು’ ಎಂಬ ಸೂಚನೆಯನ್ನು ತಡೆದು ಹಿಡಿದರೆ ಸಾಕು. ಎರಡು ಸಾಲಿನ ಕೆಲಸ. ಅದಕ್ಕೆ ಹೆದರಿ ನೀವು ಹದಿನಾರು ವರ್ಷದಿಂದ ಕಸ ಕೂಡಿಹಾಕುತ್ತಿದ್ದೀರಿ.

ಏಳು ತುಣುಕು ಮಾಡಿ ಮೇಲ್‌ನಲ್ಲಿ ಕಳಿಸಿದ್ದೇನೆ. ಪ್ರತಿಯೊಂದರ ಕೆಳಗೂ, ನಿಮ್ಮ ನಿಯಮದ ಪ್ರಕಾರ, ಇದಕ್ಕೆ ನಾನೇ ಹೊಣೆ ಎಂದು ನನ್ನ ಪೂರ್ತಿ ಹೆಸರು ಹಾಕಿದ್ದೇನೆ.

ಪಿರ್ಕ್ಕೋ


ಔಲು, 9 ಮೇ

ಪಿರ್ಕ್ಕೋ ಅವರಿಗೆ,

ಏಳನ್ನೂ ಓದಿದೆ. ಚೆನ್ನಾಗಿವೆ. ನಿಮ್ಮ ಎರಡು ಸಾಲಿನ ಉತ್ತರವೂ ಸರಿಯಾಗಿದೆ. ಬೀಗದ ಬಣ್ಣ ಹೌದೆಂದು ಭಾವ ಹೇಳಿದ. ಅದು ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ ಎಂದು ನಾನು ಅವನಿಗೆ ಹೇಳಿದೆ. ಇರಲಿ.

ಒಂದೇ ಒಂದು ಬದಲಾವಣೆ ಬೇಕು, ಆರನೆಯ ತುಣುಕಿನಲ್ಲಿ. ನೀವು ಹೊಸ ಬರಹವನ್ನೆಲ್ಲ ಲಾಕ್ ಫೈಲಿನೊಳಗೇ ಬರೆದು, ಮುಗಿದ ಮೇಲೆ ಅದನ್ನು ಒಂದೇ ಏಟಿಗೆ ಹಳೆಯ ಫೈಲಿನ ಜಾಗದಲ್ಲಿ ಕೂರಿಸುತ್ತೀರಿ. ಕೆಲವು ಹಳೆಯ ಕಂಪ್ಯೂಟರುಗಳು ಇದಕ್ಕೆ ಒಪ್ಪುವುದಿಲ್ಲ. ಹಳೆಯ ಫೈಲನ್ನು ಮೊದಲು ಅಳಿಸಿ, ಆಮೇಲೆ ಹೊಸದನ್ನು ಕೂರಿಸಿ. ಈ ಬದಲಾವಣೆ ಇಲ್ಲದಿದ್ದರೆ ಉಳಿದ ಆರನ್ನೂ ತೆಗೆದುಕೊಳ್ಳಲಾರೆ.

ಇದನ್ನು ಗುಂಪಿನ ಮೇಲ್‌ನಲ್ಲಿ ಚರ್ಚಿಸುವುದು ಬೇಡ. ಲಾಕಿನ ಒಳಗುಟ್ಟು ಊರಿಗೆಲ್ಲ ಗೊತ್ತಾಗುವುದು ನನಗಿಷ್ಟವಿಲ್ಲ. ಜುಲೈ ಮೊದಲ ವಾರ ಹೊಸ ಆವೃತ್ತಿ ಹೊರಬರುತ್ತದೆ. ಜೂನ್ ಮಧ್ಯದೊಳಗೆ ಕಳಿಸಿದರೆ ನಿಮ್ಮ ಸಂದರ್ಶನಕ್ಕೂ ಆಗಬಹುದು.

ತೌನೋ


ಕೊಯ್ವುಸಾರಿ, 12 ಜೂನ್

ತೌನೋ ಅವರಿಗೆ,

ನೀವು ಹೇಳಿದಂತೆ ಆರನೆಯದನ್ನು ಬದಲಿಸಿ ಏಳನ್ನೂ ಇವತ್ತು ಮೇಲ್‌ನಲ್ಲಿ ಕಳಿಸಿದೆ. ಆದರೆ ಮನಸ್ಸು ಒಪ್ಪುತ್ತಿಲ್ಲ. ಗುಂಪಿನಲ್ಲಿ ಬೇಡ ಎಂದಿದ್ದೀರಿ, ಅದಕ್ಕೇ ಕಾಗದ.

ಹಳೆಯದನ್ನು ಮೊದಲು ಅಳಿಸಿದರೆ, ಹೊಸದು ಬಂದು ಕೂರುವ ತನಕ ಆ ಜಾಗ ಖಾಲಿ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ, ನಿಜ. ಆದರೆ ಆಗಲೇ ವಿದ್ಯುತ್ ಹೋದರೆ? ಬೇರೆ ಯಾರಾದರೂ ಆಗಲೇ ಓದಲು ಬಂದು, ಏನೂ ಇಲ್ಲವೆಂದು ಮೊದಲಿಂದ ಶುರುಮಾಡಿದರೆ? ಹಿಂದಿನದೆಲ್ಲ ಹೋಗುತ್ತದೆ. ಮೂರು ವಾರ ಯೋಚಿಸಿದೆ, ನನಗೆ ಉತ್ತರ ಸಿಗಲಿಲ್ಲ. ನೀವು ಹದಿನಾರು ವರ್ಷದಿಂದ ಇದರಲ್ಲೇ ಇರುವವರು, ನನಗೆ ಕಾಣದ ಕಾರಣವೊಂದು ನಿಮಗೆ ಗೊತ್ತಿರಬೇಕು ಎಂದು ನಂಬಿ ಬರೆದಿದ್ದೇನೆ. ಎಲ್ಲರೆದುರು ನಿಮ್ಮ ತಪ್ಪು ಎತ್ತಿ ತೋರಿಸಲೂ ಮನಸ್ಸಾಗಲಿಲ್ಲ.

ದಯವಿಟ್ಟು ಸೇರಿಸುವ ಮುಂಚೆ ಇನ್ನೊಮ್ಮೆ ನೋಡಿ. ನನ್ನ ಮಾತು ಸರಿಯೆನಿಸಿದರೆ ಈ ಆರನೆಯದನ್ನು ಬಿಸಾಡಿ, ಏಪ್ರಿಲಿನ ಆರನೆಯದನ್ನೇ ತೆಗೆದುಕೊಳ್ಳಿ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಕೆಲಸ ನನಗೆ ಬೇಕಿರದಿದ್ದರೆ, ಸಂಶಯವಿಟ್ಟುಕೊಂಡು ಹೆಸರು ಹಾಕುತ್ತಿರಲಿಲ್ಲ.

ಪಿರ್ಕ್ಕೋ


ಔಲು, 16 ಜೂನ್

ಅಕ್ಕಾ,

ನಾಳೆ ಬೆಳಿಗ್ಗೆ ದ್ವೀಪದ ಬೇಸಿಗೆಮನೆಗೆ ಹೊರಡುತ್ತಿದ್ದೇನೆ. ನೀನೂ ಭಾವನೂ ಮಧ್ಯಬೇಸಿಗೆಯ ಹಬ್ಬಕ್ಕೆ ಬಂದರೆ ಮೀನು ಹೊಗೆ ಹಾಕಿ ಇಟ್ಟಿರುತ್ತೇನೆ. ಬರುವಾಗ ರೈ ಬ್ರೆಡ್ ತಾ. ಜುಲೈ ಇಪ್ಪತ್ತೆರಡರ ತನಕ ನನಗೆ ಫೋನೂ ಇಲ್ಲ, ಮೇಲೂ ಇಲ್ಲ. ಜುಲೈಯಲ್ಲಿ ಈ ದೇಶದಲ್ಲಿ ಕೆಲಸ ಮಾಡುವವನಿಗೆ ತಲೆ ಕೆಟ್ಟಿರಬೇಕು.

ಆ ಬೀಗದ ಹೆಂಗಸಿನ ಕಥೆ ಮುಗಿಯಿತು. ಮೇ ತಿಂಗಳಲ್ಲಿ ಅವಳಿಗೊಂದು ಬಲೆ ಹಾಕಿದೆ. ಬೇಕೆಂದೇ ಒಂದು ತಪ್ಪು ಸಲಹೆ ಕೊಟ್ಟೆ. ಆ ಕೋಡನ್ನು ಅಷ್ಟು ಚೆನ್ನಾಗಿ ಬರೆಯಬಲ್ಲವರಿಗೆ ಅದು ತಪ್ಪೆಂದು ತಕ್ಷಣ ಗೊತ್ತಾಗಬೇಕು. ಪ್ರಾಮಾಣಿಕಳಾದರೆ ‘ಏನ್ರೀ ಇದು’ ಎಂದು ಜಗಳಕ್ಕೆ ಬರುತ್ತಾಳೆ; ಒಳಗೆ ನುಗ್ಗಿದರೆ ಸಾಕು ಎನ್ನುವವಳಾದರೆ ಬಾಯಿ ಮುಚ್ಚಿಕೊಂಡು ಒಪ್ಪುತ್ತಾಳೆ. ಏಪ್ರಿಲಿನಲ್ಲಿ ನನ್ನನ್ನೇ ಅಷ್ಟು ತರಾಟೆಗೆ ತೆಗೆದುಕೊಂಡವಳು ಈಗ ಒಂದು ಸೊಲ್ಲೂ ಎತ್ತದೆ ಹಾಗೆಯೇ ಬದಲಿಸಿ ಕಳಿಸಿದ್ದಾಳೆ. ನನ್ನ ಮೂಗು ಸುಳ್ಳು ಹೇಳುವುದಿಲ್ಲ.

ಈಗಲೇ ಗುಟ್ಟು ಬಿಟ್ಟುಕೊಡಲಿಲ್ಲ. ಎಲ್ಲ ಸರಿಯಿದೆ ಎಂದು ತೋರಲಿ, ಅವಳ ಹಿಂದಿರುವವರು ಖುಷಿಯಲ್ಲಿ ಹೊರಗೆ ಬರಲಿ ಎಂದು ಏಳರ ಕೆಳಗೂ ‘ನೋಡಿದ್ದೇನೆ, ತೌನೋ’ ಎಂದು ಹಾಕಿದ್ದೇನೆ. ನಾನು ಸೇರಿಸುವ ತನಕ ಅವು ಎಲ್ಲಿಗೂ ಹೋಗುವುದಿಲ್ಲ; ಬಂದ ಮೇಲೆ ಎಲ್ಲರೆದುರೂ ಮುಖವಾಡ ಕಳಚುತ್ತೇನೆ.

ಈ ಕಾಗದವನ್ನು ಭಾವನಿಗೂ ಓದು, ನಗಲಿ.

ನಿನ್ನ ತಮ್ಮ,
ತೌನೋ


ಕೊಯ್ವುಸಾರಿ, 14 ಜುಲೈ

ತೌನೋ ಅವರಿಗೆ,

ಮೇಲ್ ಮಾಡಿದೆ, ಉತ್ತರವಿಲ್ಲ. ಜೂನಿನ ಕಾಗದಕ್ಕೂ ಇಲ್ಲ. ಇದನ್ನಾದರೂ ಓದುತ್ತೀರಾ ಎಂದು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ನಿಮ್ಮ ‘ನೋಡಿದ್ದೇನೆ’ ಬಿದ್ದು ಹದಿನಾಲ್ಕು ದಿನವಾಯಿತು, ಯಾರೂ ಆಕ್ಷೇಪಿಸಲಿಲ್ಲ. ಹಾಗಾದರೆ ನಿಮ್ಮನ್ನು ಮತ್ತೆ ಕೇಳದೆ ಸೇರಿಸಬೇಕು ಎಂಬುದು ನೀವೇ ಮಾಡಿದ ನಿಯಮವಂತೆ. ತಾರ್ತುವಿನಲ್ಲಿರುವ ನಿಮ್ಮ ಸಹಾಯಕ ಮಾರ್ಗುಸ್ ಜೂನ್ ಮೂವತ್ತಕ್ಕೆ ಏಳನ್ನೂ ಸೇರಿಸಿದರು, ಜುಲೈ ಎರಡಕ್ಕೆ ಹೊಸ ಆವೃತ್ತಿ ಹೊರಗೆ ಬಂತು. ಒಂಬತ್ತನೇ ತಾರೀಕು ಇನಾರಿಯ ಕಡೆ ಸಾಮಿ ಭಾಷೆಯ ನಿಘಂಟು ಬರೆಯುತ್ತಿರುವ ನಾಲ್ವರ ಹನ್ನೊಂದು ವಾರದ ಕೆಲಸ ಹೋಯಿತು. ಗುಡುಗಿಗೆ ವಿದ್ಯುತ್ ಹೋಗಿದೆ, ಸರಿಯಾಗಿ ಹಳೆಯದು ಅಳಿಸಿ ಹೊಸದು ಕೂರುವ ಮುಂಚೆ. ಇನ್ನೂ ಮೂರು ಕಡೆಯಿಂದ ದೂರು ಬಂದಿದೆ.

ಆ ಸಾಲಿನ ಕೆಳಗೆ ನನ್ನ ಹೆಸರಿದೆ. ಹೊಣೆ ಪಿರ್ಕ್ಕೋ ಹಾಲ್ಮೆ. ಗುಂಪಿನ ಮೇಲ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಪತ್ರಗಳಿವೆ. ಬೇಕೆಂದೇ ಮಾಡಿದಳು ಎನ್ನುತ್ತಾರೆ. ಇಂಥ ಹೆಂಗಸೇ ಇಲ್ಲ, ಇದು ಯಾರದೋ ಸುಳ್ಳು ಹೆಸರು ಎನ್ನುತ್ತಾರೆ. ನಿನ್ನೆ ಒಬ್ಬರು ನಮ್ಮ ಮನೆಯ ಬಾಗಿಲಿನ ಫೋಟೋ ಹಾಕಿದ್ದಾರೆ.

ಭೂಪಟ ಕಚೇರಿಯಿಂದ ಫೋನ್ ಬಂತು. ‘ನಿಮ್ ಬಗ್ಗೆ ಓದಿದ್ವಿ. ಸದ್ಯಕ್ಕೆ ನಿಮ್ಮ ಅರ್ಜಿ ಪಕ್ಕಕ್ಕಿಟ್ಟಿದೀವಿ.’ ‘ಅದು ನನ್ನ ತಪ್ಪಲ್ಲ’ ಎಂದೆ. ‘ಹೆಸರು ನಿಮ್ದೇ ಅಲ್ವಾ?’ ಎಂದರು.

ಎಲ್ಲಿದ್ದೀರಿ ನೀವು?

ಪಿರ್ಕ್ಕೋ


ಔಲು, 24 ಜುಲೈ

ಪಿರ್ಕ್ಕೋ ಹಾಲ್ಮೆ ಅವರಿಗೆ,

ಮೊನ್ನೆ ದ್ವೀಪದಿಂದ ಬಂದೆ. ಜೂನ್ ಹನ್ನೆರಡರ ಕಾಗದ, ಜುಲೈ ಹದಿನಾಲ್ಕರ ಕಾಗದ, ಎರಡೂ ಬಾಗಿಲ ಹಿಂದೆ ಒಂದರ ಮೇಲೊಂದು ಬಿದ್ದಿದ್ದವು. ಜೂನಿನದರ ಮೇಲೆ ಹದಿನೇಳಕ್ಕೆ ಔಲು ತಲುಪಿದ ಅಂಚೆ ಮುದ್ರೆಯಿದೆ. ನಾನು ಹೊರಟಿದ್ದು ಅದೇ ಬೆಳಿಗ್ಗೆ. ಬೂಟು ಬಿಚ್ಚದೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ.

ಮಾರ್ಗುಸ್‌ಗೆ ಫೋನ್ ಮಾಡಿದೆ. ‘ನೀನೇ ನೋಡಿದ್ದೇನೆ ಅಂತ ಹಾಕಿದ್ಮೇಲೆ ನಾನೇನ್ ನೋಡ್ಲಿ ಮಾರಾಯ’ ಎಂದ. ಆ ನಿಯಮ ಮಾಡಿದ್ದು ಎಂಟು ವರ್ಷದ ಹಿಂದೆ, ಅವನು ಸೋಮಾರಿ ಎಂದು ಬೈದು. ನನಗೆ ಮರೆತೇಹೋಗಿತ್ತು.

ಕೆಟ್ಟ ಆವೃತ್ತಿಯನ್ನು ಹಿಂದೆಗೆದುಕೊಂಡಿದ್ದೇನೆ. ಗುಂಪಿಗೆ ‘ಪರಿಶೀಲಿಸುತ್ತಿದ್ದೇನೆ’ ಎಂದಷ್ಟೇ ಬರೆದಿದ್ದೇನೆ. ನನ್ನ ಆ ಸಲಹೆಗೆ ಒಂದು ಉದ್ದೇಶವಿತ್ತು. ಅದನ್ನು ಹೇಗೆ ವಿವರಿಸುವುದು ಎಂದು ಯೋಚಿಸುತ್ತಿದ್ದೇನೆ.

ಒಂದು ವಿಷಯ ತಿಳಿಯಬೇಕಿತ್ತು. ನನ್ನ ಮೇ ಒಂಬತ್ತರ ಕಾಗದ ನಿಮ್ಮ ಬಳಿ ಇನ್ನೂ ಇದೆಯೇ? ಯಾರಿಗಾದರೂ ತೋರಿಸಿದ್ದೀರಾ?

ತೌನೋ ರೀಕ್ಕಿನೆನ್


ಕೊಯ್ವುಸಾರಿ, 30 ಜುಲೈ

ತೌನೋ ಅವರಿಗೆ,

ಇದೆ. ಇದರ ಜೊತೆಗೇ ಇಟ್ಟಿದ್ದೇನೆ, ಲಕೋಟೆಯಲ್ಲಿ ನೋಡಿ. ಆ ಸಲಹೆ ನಿಮ್ಮದು ಎಂಬುದಕ್ಕೆ ಲೋಕದಲ್ಲಿರುವ ಸಾಕ್ಷಿ ಇದೊಂದೇ. ಯಾರಿಗೂ ತೋರಿಸಿಲ್ಲ, ನಕಲು ಇಟ್ಟುಕೊಂಡಿಲ್ಲ. ನೀವು ನಂಬುವುದಿಲ್ಲ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಉದ್ದೇಶ ಎಂಬ ಮಾತು ಓದಿದಾಗ ಎಲ್ಲ ಅರ್ಥವಾಯಿತು. ನನ್ನನ್ನು ಪರೀಕ್ಷೆ ಮಾಡಿದಿರಿ. ಮೂರು ವಾರ ನಿದ್ದೆಗೆಟ್ಟು ನನ್ನ ಬುದ್ಧಿಯನ್ನೇ ಹಳಿದುಕೊಂಡೆನಲ್ಲ, ಅದು ನೆನೆದರೆ ಮೈ ಉರಿಯುತ್ತದೆ. ನಿಮ್ಮ ಮೇಲೆ ನನಗೆ ತುಂಬಾ ಸಿಟ್ಟಿದೆ. ಹನ್ನೊಂದು ವಾರದ ಕೆಲಸ ಕಳೆದುಕೊಂಡವರು ನಿಮ್ಮ ನೆನಪಿಗೇ ಬಂದಿಲ್ಲ, ಒಂದು ಕಾಗದ ಎಲ್ಲಿದೆ ಎಂಬುದೇ ಮುಖ್ಯವಾಯಿತು.

ನನ್ನ ತರಗತಿಯವರು ಬಿಡುತ್ತಿಲ್ಲ. ‘ಆ ಮುದುಕ ಏನೋ ಬರ್ದಿದ್ನಂತಲ್ಲ ಮೇ ತಿಂಗ್ಳಲ್ಲಿ, ಅದ್ನ ಫೋಟೋ ತೆಗ್ದು ಹಾಕೇ ಬಿಡು.’ ‘ಅವ್ರು ಬರ್ದಿದ್ದು, ಬೇಕಾದ್ರೆ ಅವ್ರೇ ಹಾಕ್ಲಿ’ ಎಂದೆ. ‘ಹಾಕ್ದಿದ್ರೆ?’ ಎಂದರು. ನಾನು ಹಾಕಿದರೆ ಅದು ನನ್ನ ಜಗಳವಾಗುತ್ತದೆ, ನೀವು ನನ್ನ ಮೇಲೆ ಇನ್ನೊಂದು ಸಂಶಯ ಹುಟ್ಟಿಸಿಕೊಳ್ಳುತ್ತೀರಿ. ಸಾಕಾಗಿದೆ ನನಗೆ.

ನಿಘಂಟಿನ ಆವ್ನೆ ಎಂಬವರಿಗೆ ಫೋನ್ ಮಾಡಿದೆ.

‘ನೀವೇನಾ ಅದು?’ ಎಂದರು.

‘ಹೆಸರು ನನ್ದೇ.’

‘ಬೇಕೂಂತ ಮಾಡಿದ್ರಾ?’

‘ಇಲ್ಲ.’

‘ಹಂಗಿದ್ರೆ ಅತ್ಕೊಂಡು ಕೂರ್ಬೇಡಿ. ಪದಗಳ್ನ ಕೈಯಲ್ಲಿ ಬರ್ದಿಟ್ಟ ಮೂಲ ಚೀಟಿಗಳೆಲ್ಲಾ ನನ್ ಹತ್ರ ಇವೆ. ಫೋಟೋ ಕಳಿಸ್ತೀನಿ, ಮತ್ತೆ ಟೈಪ್ ಮಾಡ್ಕೊಡಿ.’

ದಿನಕ್ಕೆ ನಲವತ್ತು ಚೀಟಿ ಮಾಡುತ್ತಿದ್ದೇನೆ. ಒಂದಕ್ಷರ ತಪ್ಪಿದರೂ ಬೈಯುತ್ತಾರೆ. ಸದ್ಯ ನನ್ನನ್ನು ನಂಬಿ ಕೆಲಸ ಕೊಟ್ಟಿರುವವರು ಅವರೊಬ್ಬರೇ.

ಪಿರ್ಕ್ಕೋ


ಔಲು, 7 ಆಗಸ್ಟ್

ಪಿರ್ಕ್ಕೋ,

ಕಾಗದ ಬಂದ ದಿನ ಅಕ್ಕ ಹೆಲ್ವಿ ಇಲ್ಲೇ ಇದ್ದಳು. ಲಕೋಟೆಯಿಂದ ನನ್ನದೇ ಅಕ್ಷರ ಹೊರಬಂದದ್ದನ್ನು ನೋಡಿದಳು. ಎರಡನ್ನೂ ಕೈಯಿಂದ ಕಿತ್ತುಕೊಂಡು ಓದಿದಳು.

‘ಏನ್ ಮಾಡ್ಬೇಕು ಅಂತಿದೀಯ?’

‘ಯೋಚ್ನೆ ಮಾಡ್ತಿದೀನಿ ಅಕ್ಕಾ.’

‘ಯೋಚ್ನೆ ಮಾಡೋದೇನಿದೆ? ಬಲೆ ಹಾಕ್ದೋನು ನೀನು, ಬೈಸ್ಕೋತಿರೋಳು ಅವಳು. ಜೂನ್‌ನಲ್ಲಿ ನಿನ್ ಕಾಗದ ಓದಿ ನಾವಿಬ್ರೂ ನಕ್ಕಿದ್ವಿ. ನಂಗೀಗ ನಾಚ್ಕೆ ಆಗ್ತಿದೆ, ನಿಂಗ್ ಆಗ್ತಿಲ್ವಾ?’

ಆಗುತ್ತಿತ್ತು. ಅವತ್ತು ಮಧ್ಯಾಹ್ನ ಗುಂಪಿನ ಮೇಲ್‌ಗೆ ಇದನ್ನು ಬರೆದೆ, ನಿಮ್ಮ ಜೂನಿನ ಕಾಗದದ ಮತ್ತು ನನ್ನ ಮೇ ಕಾಗದದ ಫೋಟೋ ಜೊತೆಗಿಟ್ಟು:

‘ಪೊಲ್ಕು ಬಳಸುವ ಎಲ್ಲರಿಗೆ. ಹಳೆಯ ಫೈಲನ್ನು ಮೊದಲು ಅಳಿಸಬೇಕೆಂದು ಹೇಳಿದವನು ನಾನು. ಅದು ತಪ್ಪೆಂದು ಗೊತ್ತಿದ್ದೇ ಹೇಳಿದೆ, ಪಿರ್ಕ್ಕೋ ಹಾಲ್ಮೆಯವರು ಮೋಸಗಾರರೋ ಎಂದು ಪರೀಕ್ಷಿಸಲು. ಅದು ಅಪಾಯವೆಂದು ಅವರು ನನಗೆ ಬರೆದು ಎಚ್ಚರಿಸಿದ್ದರು. ಆ ಕಾಗದ ಓದುವ ಮುಂಚೆಯೇ ನಾನು ನೋಡಿದ್ದೇನೆ ಎಂದು ಹೆಸರು ಹಾಕಿ ರಜೆಗೆ ಹೋದೆ. ಹದಿನಾರು ವರ್ಷದಿಂದ ಹೊರಗಿನವರು ಬಂದು ಇಡಬಹುದು ಎಂದು ಕಾದಿದ್ದ ಕೇಡನ್ನು ಕೊನೆಗೆ ನಾನೇ ಇಟ್ಟೆ. ಲಾಕ್ ಕೋಡಿನ ಮೇಲ್ವಿಚಾರಣೆಯನ್ನು ಇವತ್ತಿಗೆ ಬಿಡುತ್ತಿದ್ದೇನೆ.’

ನಿಮ್ಮ ಏಪ್ರಿಲಿನ ಆರನೆಯ ತುಣುಕನ್ನು ಮಾರ್ಗುಸ್ ಸೇರಿಸಿದ್ದಾನೆ. ಅವನೊಬ್ಬನೇ ಅಲ್ಲ, ಮೂವರು ಓದಿ ಸೇರಿಸಿದರು.

ಇನ್ನೊಂದು. ಪೊಲ್ಕುವಿನ ಇತಿಹಾಸದಲ್ಲಿ ಆ ಕೆಟ್ಟ ತುಣುಕಿನ ಕೆಳಗೆ ನಿಮ್ಮ ಹೆಸರು ಇನ್ನೂ ಇದೆ, ಯಾವತ್ತೂ ಇರುತ್ತದೆ. ನಮ್ಮ ಕೆಲಸದಲ್ಲಿ ಆದ ಇತಿಹಾಸವನ್ನು ತಿದ್ದುವುದಕ್ಕಿಂತ ದೊಡ್ಡ ಪಾಪವಿಲ್ಲ, ನಾನೇ ಎಷ್ಟೋ ಜನಕ್ಕೆ ಬೈದಿದ್ದೇನೆ. ಆದರೆ ಇದೊಂದು ಸಲ ತಿದ್ದಲು ಎಲ್ಲರೂ ಒಪ್ಪಿದ್ದಾರೆ. ನೀವು ಹೂಂ ಎಂದರೆ ನಿಮ್ಮ ಹೆಸರು ತೆಗೆದುಬಿಡುತ್ತೇವೆ.

ನನ್ನನ್ನು ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಕೇಳುತ್ತಿದ್ದೇನೆ.

ತೌನೋ


ಕೊಯ್ವುಸಾರಿ, 18 ಆಗಸ್ಟ್

ತೌನೋ ಅವರಿಗೆ,

ನಿಮ್ಮ ಕಾಗದ ಓದಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಗುಂಪಿನ ಮೇಲ್ ತೆರೆದು, ನೀವು ಅದನ್ನು ನಿಜವಾಗಿ ಹಾಕಿದ್ದೀರೋ ಇಲ್ಲವೋ ಎಂದು ನೋಡಿದ್ದು. ಹಾಕಿದ್ದೀರಿ. ನಿಮ್ಮ ರೋಗ ನನಗೂ ಅಂಟಿದೆ, ವಾಸಿಯಾಗಲು ಸಮಯ ಬೇಕು. ಕ್ಷಮೆಯ ವಿಚಾರವನ್ನು ಆಗ ಮಾತಾಡೋಣ.

ಭೂಪಟ ಕಚೇರಿಯ ಆಕೆ ಫೋನ್ ಮಾಡಿದ್ದರು. ‘ಎಲ್ಲಾ ಓದಿದ್ವಿ ಪಿರ್ಕ್ಕೋ, ತಪ್ಪು ತಿಳ್ಕೊಂಡಿದ್ವಿ. ಆದ್ರೆ ಹೋದ ವಾರವೇ ಬೇರೆಯೋರಿಗೆ ಕೊಟ್ಟಾಯ್ತು.’ ‘ಆಯ್ತು ಬಿಡಿ’ ಎಂದು ಫೋನ್ ಇಟ್ಟೆ. ಅರ್ಧ ಗಂಟೆ ಅತ್ತೆ. ಆಮೇಲೆ ಕಾಫಿ ಕುಡಿದು ಆ ದಿನದ ನಲವತ್ತು ಚೀಟಿ ಮುಗಿಸಿದೆ.

ಹೆಸರು ತೆಗೆಯುವ ವಿಚಾರ ಎರಡು ದಿನ ಯೋಚಿಸಿದೆ. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಮುಂದೆ ಇನ್ಯಾವುದೋ ಕಚೇರಿಯವರು ನನ್ನ ಹೆಸರು ಹುಡುಕಿದಾಗ ಅದೇ ಮೊದಲು ಸಿಗುತ್ತದೆ.

ಆದರೂ ತೆಗೆಯಬೇಡಿ. ಸಂಶಯ ನನಗೆ ಬಂದಿತ್ತು, ಹೊಣೆ ನನ್ನದು ಎಂದು ಆಮೇಲೂ ಹೆಸರು ಹಾಕಿದೆ. ಹಾಕಿಸಿದವರು ನೀವು, ಹಾಕಿದ ಕೈ ನನ್ನದು. ಹನ್ನೊಂದು ವಾರ ಕಳೆದುಕೊಂಡವರು ಯಾವತ್ತಾದರೂ ತೆರೆದು ನೋಡಿದರೆ, ಅಲ್ಲಿ ನಡೆದದ್ದು ನಡೆದ ಹಾಗೇ ಇರಬೇಕು. ನನ್ನ ಹೆಸರು ಇದ್ದ ಜಾಗದಲ್ಲೇ ಇರಲಿ. ಅದರ ಕೆಳಗೆ ನಿಮ್ಮದನ್ನೂ ಬರೆಯಿರಿ.

ಪಿರ್ಕ್ಕೋ ಹಾಲ್ಮೆ